ಕಳ್ಳರ ಕತೆಗೂ ಒಂದು ಕಪಾಟು

ಪರೀಕ್ಷೆ ಹತ್ತಿರ ಬಂತೆಂದರೆ ಹಲವು ಮನೆಗಳಲ್ಲಿ ಒಂದೇ ಪ್ರಸಂಗ ನಡೆಯುತ್ತದೆ. ಸಮಾಜ ವಿಜ್ಞಾನದ ಪುಸ್ತಕ ತೆರೆದು ಕುಳಿತ ಮಗನ ಮುಖದಲ್ಲಿ ಎಂದೂ ಕಾಣದ ತನ್ಮಯತೆ. ಅಪ್ಪನಿಗೆ ಅನುಮಾನ. ಹತ್ತಿರ ಹೋಗಿ ನೋಡಿದರೆ ಪಠ್ಯದೊಳಗೆ ಅಡಗಿ ಕುಳಿತಿದೆ ಒಂದು ಪತ್ತೇದಾರಿ ಕಾದಂಬರಿ! ಬೈಗುಳದ ಜೊತೆಗೆ ಪುಸ್ತಕ ರದ್ದಿಯ ಚೀಲ ಸೇರುತ್ತದೆ. ಮಗ ಕೆಟ್ಟನೆಂಬ ಚಿಂತೆ ಅಪ್ಪನಿಗೆ. ಕಳ್ಳ ಸಿಕ್ಕಿದನೋ ಇಲ್ಲವೋ ಎಂಬ ಚಿಂತೆ ಮಗನಿಗೆ.

ಕನ್ನಡದಲ್ಲಿ ಈ ಜಗಳ ಹೊಸದಲ್ಲ. ಇಂದಿನ ಮಕ್ಕಳ ಅಜ್ಜಂದಿರೂ ಹೀಗೆಯೇ ಬೈಸಿಕೊಂಡವರು. ಅವರ ಕೈಯಲ್ಲಿದ್ದದ್ದು ಬಹುಮಟ್ಟಿಗೆ ಎನ್. ನರಸಿಂಹಯ್ಯನವರ ಕಾದಂಬರಿ. 1925ರಲ್ಲಿ ಹುಟ್ಟಿ 2011ರಲ್ಲಿ ತೀರಿಕೊಂಡ ನರಸಿಂಹಯ್ಯ ಶಾಲೆಯಲ್ಲಿ ಕಲಿತದ್ದು ನಾಲ್ಕನೇ ತರಗತಿಯವರೆಗೆ ಮಾತ್ರ. ಆದರೆ ಬರೆದದ್ದು ಐನೂರರಷ್ಟು ಕಾದಂಬರಿ! 1950ರ ದಶಕದ ಆರಂಭದಲ್ಲಿ ಬಂದ 'ಪತ್ತೇದಾರ ಪುರುಷೋತ್ತಮ'ನ ಹಿಂದೆಯೇ ಮಧುಸೂದನ, ಅರಿಂಜಯ, ಗಾಳಿರಾಯ ಮೊದಲಾದ ಪತ್ತೇದಾರರು ಸಾಲಾಗಿ ಬಂದರು. ಬಸ್‌ಸ್ಟ್ಯಾಂಡಿನ ಅಂಗಡಿ, ಬಾಡಿಗೆಗೆ ಪುಸ್ತಕ ಕೊಡುವ ಲೈಬ್ರರಿ, ರೈಲು ನಿಲ್ದಾಣ ಇವುಗಳ ನೆಲೆಯಾದವು. ಅರಸೀಕೆರೆಯಂಥ ಜಂಕ್ಷನ್ನಿನಲ್ಲಿ ಇಳಿದು ಮೈಸೂರಿನ ಗಾಡಿಗೆ ಕಾಯುವ ಹೊತ್ತು ಇಂಥ ಓದಿಗೆ ಹೇಳಿ ಮಾಡಿಸಿದ ಹೊತ್ತು. ದೊಡ್ಡ ಗ್ರಂಥಗಳ ಹತ್ತಿರ ಸುಳಿಯಲು ಅಂಜುತ್ತಿದ್ದ ಎಷ್ಟೋ ಜನ ಕನ್ನಡವನ್ನು ಸರಾಗವಾಗಿ ಓದಲು ಕಲಿತದ್ದು ಈ ತೆಳ್ಳನೆಯ ಪುಸ್ತಕಗಳಿಂದ.

ಇದರ ಗುಟ್ಟು ಏನು? ಗುಟ್ಟು ಮಾಲಿಕೆಯಲ್ಲಿದೆ. ಅರಸೀಕೆರೆಯ ಪಕ್ಕದ ಮಾಲೇಕಲ್ಲು ತಿರುಪತಿಯಲ್ಲಿ ಆಷಾಢದ ಜಾತ್ರೆಗೆ ಬಂದು ಬೆಟ್ಟ ಹತ್ತುವ ಮಕ್ಕಳನ್ನು ನೋಡಬೇಕು. ತುದಿಯನ್ನು ನೋಡಿದರೆ ಕಾಲು ಸೋಲುತ್ತದೆ. ಮುಂದಿನ ಮೆಟ್ಟಿಲನ್ನಷ್ಟೇ ನೋಡಿದರೆ ಬೆಟ್ಟ ತಾನಾಗಿ ಮುಗಿಯುತ್ತದೆ. ಮಾಲಿಕೆಯ ಓದೂ ಹಾಗೆಯೇ. ನೂರು ಪುಸ್ತಕ ಓದು ಎಂದರೆ ಯಾವ ಹುಡುಗಿಯೂ ಒಪ್ಪುವುದಿಲ್ಲ. ಆದರೆ ಪರಿಚಯದ ಪತ್ತೇದಾರನ ಮುಂದಿನ ಸಾಹಸ ಸಿಕ್ಕರೆ ಊಟ ಬಿಟ್ಟು ಓದುತ್ತಾಳೆ. ಪಾತ್ರಗಳು ಹಳೆಯವು, ಊರು ಹಳೆಯದು, ಹೊಸದಾಗಿ ಅರಿಯಬೇಕಾದದ್ದು ಕತೆ ಮಾತ್ರ. ಹೀಗಾಗಿ ಓದಿನ ಭಾರ ಇಳಿಯುತ್ತದೆ, ವೇಗ ಏರುತ್ತದೆ.

ಪತ್ತೇದಾರನ ಕತೆಯನ್ನಾದರೂ ಕೆಲವು ಪಾಲಕರು ಸಹಿಸುತ್ತಾರೆ. ಕಳ್ಳನೇ ನಾಯಕನಾದರೆ? ಇಂಗ್ಲಿಷಿನಲ್ಲಿ ಇಂಥದೇ ಒಂದು ಪಂಗಡವಿದೆ. 1899ರಲ್ಲಿ ಇ.ಡಬ್ಲ್ಯೂ. ಹಾರ್ನಂಗ್ 'ರ‍್ಯಾಫಲ್ಸ್' ಎಂಬ ಸಭ್ಯ ವೇಷದ ಕಳ್ಳನ ಕತೆಗಳ ಪುಸ್ತಕ ತಂದರು. ಇವರು ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಅವರ ತಂಗಿಯ ಗಂಡ. ಭಾವ ಪತ್ತೇದಾರನನ್ನು ಬೆಳೆಸಿದರೆ ಭಾವಮೈದುನ ಕಳ್ಳನನ್ನು ಬೆಳೆಸಿದ! ಅಪರಾಧಿಯನ್ನು ನಾಯಕನಾಗಿ ಮಾಡುವುದು ಅಪಾಯ ಎಂದು ಡಾಯ್ಲ್ ಮುಂದೆ ತಮ್ಮ ಆತ್ಮಕತೆಯಲ್ಲಿ ಬರೆದರು. ಇಂದಿನ ಪಾಲಕರ ಆತಂಕವೂ ಅದೇ.

ಆತಂಕ ಸುಳ್ಳಲ್ಲ. ಆದರೆ ಈ ಕತೆಗಳೊಳಗೆ ನಡೆಯುವುದೇನು ಎಂದು ನೋಡಬೇಕು. ಅಮೆರಿಕದ ಡೊನಾಲ್ಡ್ ವೆಸ್ಟ್‌ಲೇಕ್ 1970ರಲ್ಲಿ 'ದಿ ಹಾಟ್ ರಾಕ್' ಬರೆದರು. ಅದರ ನಾಯಕ ಡಾರ್ಟ್‌ಮಂಡರ್ ಬುದ್ಧಿವಂತ ಕಳ್ಳ. ಯೋಜನೆಯಲ್ಲಿ ಎಳ್ಳಷ್ಟೂ ಲೋಪವಿಲ್ಲ. ಆದರೂ ಒಂದು ಪಚ್ಚೆಗಾಗಿ ಅವನ ತಂಡ ಮತ್ತೆ ಮತ್ತೆ ಕನ್ನ ಹಾಕಬೇಕಾಗುತ್ತದೆ. ಪ್ರತಿ ಸಲವೂ ಕೈಗೆ ಬಂದದ್ದು ಬಾಯಿಗಿಲ್ಲ. ಇಂಥ 14 ಕಾದಂಬರಿಗಳಲ್ಲಿ ಓದುಗ ನಗುತ್ತಾ ಕಾಣುವುದು ಕಳ್ಳತನದ ವೈಭವವನ್ನಲ್ಲ, ಅತಿ ಜಾಣತನದ ಫಜೀತಿಯನ್ನು.

ಈ ರುಚಿ ಹೊರಗಿನಿಂದ ಬಂದದ್ದೂ ಅಲ್ಲ. ಕಳ್ಳರು ಹೊಂಚು ಹಾಕಿದ್ದನ್ನು ತಿಳಿದ ತೆನಾಲಿ ರಾಮಕೃಷ್ಣ, ಒಡವೆಯೆಲ್ಲ ಬಾವಿಯಲ್ಲಿದೆ ಎಂದು ಅವರಿಗೆ ಕೇಳುವಂತೆ ಹೇಳಿ, ರಾತ್ರಿಯಿಡೀ ಅವರಿಂದಲೇ ನೀರು ಸೇದಿಸಿ ತೋಟಕ್ಕೆ ಹಾಯಿಸಿಕೊಂಡ ಕತೆ ಯಾರಿಗೆ ಗೊತ್ತಿಲ್ಲ? ಶೂದ್ರಕನ 'ಮೃಚ್ಛಕಟಿಕ'ದ ಶರ್ವಿಲಕನಂತೂ ಗೋಡೆಗೆ ಯಾವ ಆಕಾರದ ಕನ್ನ ಕೊರೆದರೆ ಚೆಂದ ಎಂದು ಚರ್ಚಿಸುತ್ತಾನೆ. ಅಳತೆಗೆ ದಾರ ಸಿಗದೆ ಜನಿವಾರವನ್ನೇ ಬಳಸುತ್ತಾನೆ. ನಾಟಕ ಓದಿ ಯಾರೂ ಕನ್ನ ಹಾಕಲು ಹೋಗಲಿಲ್ಲ. ತಂದೆತಾಯಿ ಮಾಡಬೇಕಾದದ್ದು ಪುಸ್ತಕ ಕಸಿಯುವುದಲ್ಲ. ಒಮ್ಮೆ ತಾವೂ ಓದಿ, 'ಇವನು ಎಲ್ಲಿ ಎಡವಿದ?' ಎಂದು ಮಕ್ಕಳನ್ನು ಕೇಳುವುದು. ವಯಸ್ಸಿಗೆ ಸಲ್ಲದ ಕ್ರೌರ್ಯ, ಅಶ್ಲೀಲ ಇರುವುದನ್ನು ಬೇರೆ ಮಾಡಲು ಸಾಧ್ಯವಾಗುವುದೂ ಆಗಲೇ. ಓದಿಗೆ ಹೊತ್ತು ಗೊತ್ತು ಮಾಡಿದರೆ ಪಠ್ಯದೊಳಗೆ ಅಡಗಿಸುವ ಅಗತ್ಯವೇ ಬೀಳದು.

ಓದಿದ ಮೇಲೆ ಬರುವುದು ಸಂಗ್ರಹ. ಇಲ್ಲಿಯೇ ಹೆಚ್ಚು ನಷ್ಟವಾಗಿರುವುದು. ಅಗ್ಗದ ಕಾಗದದಲ್ಲಿ ಅಚ್ಚಾದ ಪತ್ತೇದಾರಿ ಕಾದಂಬರಿಯನ್ನು ಸಾಹಿತ್ಯವೆಂದು ಜೋಪಾನ ಮಾಡಿದವರು ಕಡಿಮೆ. ಕೈಯಿಂದ ಕೈಗೆ ಹೋಗಿ ಹರಿದದ್ದು, ಗೆದ್ದಲು ತಿಂದದ್ದು, ಕಿಲೋ ಲೆಕ್ಕದಲ್ಲಿ ಹೋದದ್ದೇ ಜಾಸ್ತಿ. ಜನ ಹಣ ಕೊಟ್ಟು ಮೆಚ್ಚಿ ಓದಿದ್ದು ಏನು ಎಂದು ನಾಳೆ ಯಾರಾದರೂ ಕೇಳಿದರೆ, ಮನೆಯ ಅಟ್ಟದ ಹಳೆಯ ಪೆಟ್ಟಿಗೆಯೂ ಒಂದು ಸಾಕ್ಷಿ. ಅದನ್ನು ರದ್ದಿಗೆ ಹಾಕುವ ಮುನ್ನ ಮನೆಯ ಓದುಗರನ್ನು ಒಂದು ಮಾತು ಕೇಳುವುದು ಒಳ್ಳೆಯದು.

ಸಂಗ್ರಹಕ್ಕೆ ದುಡ್ಡಿಗಿಂತ ಶಿಸ್ತು ಮುಖ್ಯ. ಒಬ್ಬ ಲೇಖಕ ಅಥವಾ ಒಬ್ಬ ನಾಯಕನನ್ನು ಆರಿಸಿಕೊಂಡು ಒಂದು ನೋಟ್‌ಬುಕ್ಕಿನಲ್ಲಿ ಪುಸ್ತಕದ ಹೆಸರು, ಪ್ರಕಾಶಕರು, ಅಚ್ಚಾದ ವರ್ಷ, ಕೊಂಡ ಬೆಲೆ ಬರೆಯಬೇಕು. ಇನ್ನೂ ಸಿಗದವುಗಳಿಗೆ ಬೇರೆ ಪುಟ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯ ಮುಂದೆ ನಿಂತಾಗ ಆ ಪುಟವೇ ದಾರಿದೀಪ. ಹರಿದ ಹಾಳೆಗೆ ಸೆಲೋಟೇಪ್ ಹಚ್ಚಬಾರದು, ಅದರ ಅಂಟು ಕಾಗದಕ್ಕೆ ಕಲೆ ಹಿಡಿಸುತ್ತದೆ. ಹೆಸರು ಬರೆಯಲು ಪೆನ್ಸಿಲ್ ಸಾಕು. ಬಿಸಿಲು, ತೇವ ಎರಡೂ ತಾಗದ ಜಾಗದಲ್ಲಿಟ್ಟು, ಮಳೆಗಾಲ ಕಳೆದ ಮೇಲೆ ಒಮ್ಮೆ ಕೆಳಗಿಳಿಸಿ ಧೂಳು ಹೊಡೆಯಬೇಕು. ಎರಡೆರಡು ಪ್ರತಿ ಇದ್ದರೆ ಗೆಳೆಯರೊಡನೆ ಬದಲಾಯಿಸಿಕೊಳ್ಳಬಹುದು. ಸಾಲ ಕೊಟ್ಟದ್ದನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಪುಸ್ತಕ ಕದಿಯುವವರನ್ನು ಹಿಡಿಯಲು ಪುರುಷೋತ್ತಮನೂ ಬರುವುದಿಲ್ಲ!