ತೂಬಿನ ಆಚೆಗಿನ ಹಕ್ಕಿಗಳು

ಹಂಪಿಯನ್ನು ನೋಡಿದವರು ವಿಜಯನಗರ ಜಿಲ್ಲೆಯನ್ನೇ ನೋಡಿದೆವೆಂದು ಭಾವಿಸುವುದುಂಟು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ಅವರ ಹಾದಿಯಲ್ಲಿ ಬರುವುದೇ ಇಲ್ಲ. 1953ರ ಅಕ್ಟೋಬರ್ 1ರಂದು ಮದ್ರಾಸ್ ಆಡಳಿತದಿಂದ ಬಿಡುಗಡೆಗೊಂಡು ಮೈಸೂರು ರಾಜ್ಯವನ್ನು ಸೇರಿದ ಸೀಮೆಯಿದು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸ ಜಿಲ್ಲೆಯ ಪಾಲಾಯಿತು. ಗಡಿಗಳು ಬದಲಾದವು; ಮಳೆಯ ಕೊರತೆ ಬದಲಾಗಲಿಲ್ಲ.

ಬಾಗಳಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯಗಳ ಶಿಲ್ಪವೈಭವ, ಉಚ್ಚಂಗಿದುರ್ಗ, ಮೈಲಾರದ ಕಾರಣಿಕ, ಕೊಟ್ಟೂರಿನ ರಥೋತ್ಸವ, ಹಡಗಲಿಯ ಮಲ್ಲಿಗೆ - ಹೆಸರಿಸಬಹುದಾದುದು ಬಹಳವಿದೆ. ಆದರೆ ಈಗ ಹೊರಜಗತ್ತಿನ ಕಣ್ಣು ಬಿದ್ದಿರುವುದು ಇವಾವುದರ ಮೇಲೂ ಅಲ್ಲ, ಒಂದು ನೀರಾವರಿ ಕೆರೆಯ ಮೇಲೆ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯ ವಿಸ್ತೀರ್ಣ 98.76 ಹೆಕ್ಟೇರ್. ಶತಮಾನಗಳ ಹಿಂದೆ ಗದ್ದೆಗೆ ನೀರುಣಿಸಲೆಂದು ಕಟ್ಟಿದ್ದು. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆನಿಸಿ, 2024ರ ಜನವರಿಯಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್‌ಸಾರ್ ಪಟ್ಟಿಯನ್ನು ಸೇರಿತು. ಮೂವತ್ತು ಸಾವಿರಕ್ಕೂ ಮಿಗಿಲಾದ ನೀರುಹಕ್ಕಿಗಳು ಇಲ್ಲಿ ತಂಗುತ್ತವೆ, ಗೂಡು ಕಟ್ಟುತ್ತವೆ. ಬಣ್ಣದ ಕೊಕ್ಕರೆ, ಬಿಳಿ ಕೆಂಬರಲುಗಳು ಅವುಗಳಲ್ಲಿ ಮುಖ್ಯವಾದವು.

ಈ ಹಕ್ಕಿಗಳನ್ನು ಹಿಡಿದಿಟ್ಟಿರುವುದು ನೀರಿನಲ್ಲಿ ನಿಂತ ಕರಿಜಾಲಿಯ ಮರಗಳು. ಬುಡದ ಸುತ್ತ ನೀರಿರುವವರೆಗೆ ನಾಯಿ, ಕಾಡುಬೆಕ್ಕುಗಳು ಗೂಡಿನತ್ತ ಸುಳಿಯಲಾರವು, ಮರಿಗಳಿಗೆ ಮೀನೂ ಸಮೀಪದಲ್ಲೇ ದೊರೆಯುತ್ತದೆ. ಮರಿಗಳು ಹಾರುವ ಮುನ್ನ ನೀರು ಬತ್ತಿದರೆ ಆ ವರ್ಷದ ಸಂತಾನವೇ ಹೋದಂತೆ. ಆದರೆ ಅದೇ ನೀರಿಗಾಗಿ ಅಚ್ಚುಕಟ್ಟಿನ ರೈತನ ಪೈರು ಬಾಯ್ದೆರೆದು ನಿಂತಿರುತ್ತದೆ! ತೂಬು ತೆರೆದರೆ ಹಕ್ಕಿಗೆ ಕೇಡು, ಮುಚ್ಚಿದರೆ ಬೆಳೆಗೆ ಕೇಡು. ಈ ತೊಡಕನ್ನು ಬಿಡಿಸದೆ ಪ್ರವಾಸೋದ್ಯಮದ ಮಾತನಾಡುವುದು ಬರಿಯ ಆಡಂಬರ.

ದೋಣಿವಿಹಾರ, ದೀಪಾಲಂಕಾರ, ಕೆರೆಯಂಚಿನ ಉಪಾಹಾರಗೃಹ ಇವು ಇಂಥ ತಾಣಗಳಿಗೆ ಸಾಮಾನ್ಯವಾಗಿ ಸೂಚಿತವಾಗುವ ‘ಅಭಿವೃದ್ಧಿ’. ಜಲಪಾತಗಳ ಬುಡದಲ್ಲಿ ಬಾಟಲಿಗಳ ರಾಶಿಯನ್ನು ಕಂಡಿರುವ ಮಲೆನಾಡಿಗರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಗೂಡಿನ ಕಾಲದಲ್ಲಿ ದೋಣಿಯೊಂದು ಮರದ ಬಳಿ ಸುಳಿದರೆ ತಾಯಿಹಕ್ಕಿ ಎದ್ದು ಹೋಗುತ್ತದೆ. ಬಿಸಿಲಿಗೆ ಎಳೆಮರಿ ಬಾಡುತ್ತದೆ. ಏರಿಯ ಮೇಲಿಂದ ದುರ್ಬೀನು ಹಿಡಿದು ನೋಡುವುದೇ ಇಲ್ಲಿ ಸಾಕು.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಕರಡಿಧಾಮದಲ್ಲಿಯೂ ಇದೇ ಮಾತು. ಬಂಡೆಗಳ ಸಂದಿಯೇ ಕರಡಿಯ ಮನೆ, ಕಾರೆ-ಬಾರೆ ಹಣ್ಣು ಮತ್ತು ಗೆದ್ದಲೇ ಅದರ ಊಟ. ಕುರುಚಲು ಕಾಡನ್ನು ‘ಪಾಳುಭೂಮಿ’ ಎಂದು ದಾಖಲಿಸುವ ಅಭ್ಯಾಸ ತಪ್ಪಬೇಕು. ಹಸಿದ ಕರಡಿ ಶೇಂಗಾ ಹೊಲಕ್ಕೆ ಇಳಿದಾಗ ನಷ್ಟ ಹೊರುವವನು ಪ್ರವಾಸಿಯಲ್ಲ.

ಪ್ರವೇಶ ಶುಲ್ಕವನ್ನು ವಿಧಿಸುವುದಾದರೆ, ಹಕ್ಕಿಗಳಿಗಾಗಿ ನೀರು ಉಳಿಸಿಕೊಟ್ಟ ಅಚ್ಚುಕಟ್ಟಿನ ರೈತರಿಗೆ ಅದರಲ್ಲಿ ಪರಿಹಾರ ಸಲ್ಲಬೇಕು. ಕೆರೆಯಲ್ಲಿ ಉಳಿಯಲೇಬೇಕಾದ ನೀರಿನ ಮಟ್ಟವನ್ನು ಗೂಡಿನ ಕಾಲಕ್ಕೆ ಮುನ್ನವೇ ಅವರೊಡನೆ ಕುಳಿತು ನಿಗದಿಪಡಿಸಿ, ತೂಬಿನ ಕಲ್ಲಿನ ಮೇಲೆ ಗುರುತು ಹಾಕಬೇಕು.