ಕಾರ್ಡಿನ ಆಟ ಒಳ್ಳೇದು, ಕಾರ್ಡಿನ ಅಂಗಡಿ ಒಳ್ಳೇದಲ್ಲ

 

ನಮ್ಮ ಗೋಡೆ ಪತ್ರಿಕೆಯಲ್ಲಿ ಒಮ್ಮೆ "ಮೊಬೈಲ್ ಒಂದು ವರ" ಎಂಬ ಲೇಖನ ಬಂತು. ಆಮೇಲೆ "ಮೊಬೈಲ್ ಒಂದು ಶಾಪ" ಅಂತ ಇನ್ನೊಂದು ಬಂತು. ನಾನು ಎರಡನ್ನೂ ನಿಂತು ಓದಿದೆ. ಮೊಬೈಲಿನಲ್ಲಿ ಮಕ್ಕಳು ಆಡುವ ಆಟ ಯಾವುದು, ಅದರೊಳಗೆ ಏನಿದೆ, ಅದು ಹೇಗೆ ನಡೆಯುತ್ತೆ ಅನ್ನೋದು ಎರಡರಲ್ಲೂ ಇರಲಿಲ್ಲ. ಅಡುಗೆಯ ರುಚಿ ನೋಡದೆ ಉಪ್ಪು ಜಾಸ್ತಿ ಅಂದ ಹಾಗಾಯಿತು. ಅದಕ್ಕೇ ನಾನು ಒಂದೇ ಒಂದು ಆಟ ಆರಿಸಿಕೊಂಡು ಅದರ ಗುಣ ದೋಷ ಎರಡನ್ನೂ ಬರೆಯುತ್ತಿದ್ದೇನೆ.

ಆ ಆಟದ ಹೆಸರು "ಪೋಕೆಮಾನ್ ಟ್ರೇಡಿಂಗ್ ಕಾರ್ಡ್ ಗೇಮ್ ಪಾಕೆಟ್". ನಮ್ಮ ತರಗತಿಯಲ್ಲಿ ಇದನ್ನು ಬರೀ "ಕಾರ್ಡು" ಅಂತಾರೆ. ರಜೆಯಲ್ಲಿ ಸೋದರಮಾವನ ಮನೆಗೆ ಹೋದಾಗ ಮಾವನ ಫೋನಿನಲ್ಲಿ ನಾನೂ ಆಡಿದ್ದೇನೆ. ಹಾಗಾಗಿ ಕೇಳಿ ಬರೆದದ್ದಲ್ಲ, ನೋಡಿ ಬರೆದದ್ದು.

ಮೊದಲು ಸ್ವಲ್ಪ ಇತಿಹಾಸ. ಪೋಕೆಮಾನ್ ಹುಟ್ಟಿದ್ದು ಜಪಾನಿನಲ್ಲಿ. ಇದನ್ನು ಕಲ್ಪಿಸಿದವರು ಸತೋಶಿ ತಜಿರಿ. ಅವರಿಗೆ ಚಿಕ್ಕಂದಿನಲ್ಲಿ ಹುಳ ಹುಪ್ಪಟೆ ಹಿಡಿದು ಕೂಡಿಡುವ ಹುಚ್ಚು ಇತ್ತಂತೆ. ನಮ್ಮಲ್ಲಿ ಜೀರುಂಡೆ ಹಿಡಿದು ಬೆಂಕಿಪೊಟ್ಟಣದಲ್ಲಿ ಇಡ್ತಾರಲ್ಲ, ಹಾಗೆ. ಆ ಹುಚ್ಚಿನಿಂದಲೇ ಬಗೆಬಗೆಯ ಪ್ರಾಣಿಗಳನ್ನು ಹಿಡಿಯುವ ವೀಡಿಯೋ ಗೇಮು ಬಂತು, 1996ರಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ಕಾಗದದ ಕಾರ್ಡುಗಳೂ ಬಂದವು. ಆ ಮೊದಲ ಕಾರ್ಡುಗಳಲ್ಲಿ ಪಿಕಾಚು ಮತ್ತು ಚಾರಿಜಾರ್ಡ್ ಚಿತ್ರ ಬರೆದವರು ಮಿತ್ಸುಹಿರೊ ಅರಿತಾ ಎಂಬ ಕಲಾವಿದರು. ಮೊಬೈಲಿನ ಈ ಆಟ ಬಂದದ್ದು ತುಂಬಾ ತಡವಾಗಿ, 2024ರ ಅಕ್ಟೋಬರ್ 30ರಂದು. 2025ರ ಫೆಬ್ರವರಿ ಹೊತ್ತಿಗೆ 10 ಕೋಟಿ ಸಲ ಡೌನ್‌ಲೋಡ್ ಆಗಿತ್ತು. ಕರ್ನಾಟಕದ ಜನಸಂಖ್ಯೆಗಿಂತ ಜಾಸ್ತಿ!

ಈಗ ಆಟದ ಗುಣಗಳನ್ನು ಹೇಳುತ್ತೇನೆ.

ಮೊದಲನೆಯದಾಗಿ, ಇದು ತಲೆ ಓಡಿಸುವ ಆಟ. ಕಾಗದದ ಪೋಕೆಮಾನ್ ಆಟಕ್ಕೆ 60 ಕಾರ್ಡಿನ ಕಟ್ಟು ಬೇಕು. ಇದರಲ್ಲಿ ಬರೀ 20 ಸಾಕು. ಒಂದೇ ಹೆಸರಿನ ಕಾರ್ಡು ಎರಡಕ್ಕಿಂತ ಜಾಸ್ತಿ ಇಡುವ ಹಾಗಿಲ್ಲ. ಒಬ್ಬ ಪೋಕೆಮಾನ್ ಮುಂದೆ ನಿಂತು ಹೊಡೆದಾಡುತ್ತಾನೆ, ಹಿಂದಿನ ಬೆಂಚಿನಲ್ಲಿ ಮೂವರು ಕಾಯಬಹುದು. ಎದುರಾಳಿಯ ಪೋಕೆಮಾನನ್ನು ಬೀಳಿಸಿದರೆ ಒಂದು ಅಂಕ. ಹೆಸರಿನ ಮುಂದೆ "ಇಎಕ್ಸ್" ಅಂತ ಇರುವ ಬಲಶಾಲಿಯನ್ನು ಬೀಳಿಸಿದರೆ ಸಾಮಾನ್ಯವಾಗಿ ಎರಡು ಅಂಕ. ಮೊದಲು ಮೂರು ಅಂಕ ಮಾಡಿದವರು ಗೆದ್ದರು.

ಒಂದು ಉದಾಹರಣೆ ಕೊಡುತ್ತೇನೆ. ಹೊಡೆಯಲು ಶಕ್ತಿ ಬೇಕು. ಶಕ್ತಿ ಸರದಿಗೆ ಒಂದೇ ಸಿಗುತ್ತೆ. ಮೊದಲು ಆಡುವವರಿಗೆ ಮೊದಲ ಸರದಿಯಲ್ಲಿ ಅದೂ ಇಲ್ಲ. ಚಾರಿಜಾರ್ಡ್ ಇಎಕ್ಸ್ 150 ಏಟು ಹೊಡೆಯುತ್ತೆ. ಆದರೆ ಅದಕ್ಕೆ 4 ಶಕ್ತಿ ಬೇಕು, ಮೇಲಾಗಿ ಹೊಡೆದ ಮೇಲೆ 2 ಶಕ್ತಿ ಕಳೆದುಹೋಗುತ್ತೆ. ಅದೂ ಅಲ್ಲದೆ ಅದು ಮರಿಯಾಗಿ ಬಂದು, ಎರಡು ಸಲ ಬೆಳೆದು ದೊಡ್ಡದಾಗಬೇಕು. ಪಿಕಾಚು ಇಎಕ್ಸ್‌ಗೆ 2 ಶಕ್ತಿ ಸಾಕು. ಬೆಂಚಿನಲ್ಲಿ ಮಿಂಚಿನ ಜಾತಿಯವರು ಎಷ್ಟು ಜನ ಕೂತಿದ್ದಾರೋ ಅಷ್ಟು ಮೂವತ್ತು ಹೊಡೆಯುತ್ತೆ, ಮೂವರಿದ್ದರೆ 90. ಈಗ ಹೇಳಿ, ನಿಧಾನವಾಗಿ ಬಂದು ಜೋರಾಗಿ ಹೊಡೆಯುವುದು ಒಳ್ಳೇದಾ, ಬೇಗ ಬಂದು ಸ್ವಲ್ಪ ಸ್ವಲ್ಪ ಹೊಡೆಯುವುದು ಒಳ್ಳೇದಾ? ಇದಕ್ಕೆ ಒಂದೇ ಉತ್ತರ ಇಲ್ಲ. ಕಬಡ್ಡಿಯಲ್ಲಿ ದಪ್ಪಗಿರೋನು, ಚುರುಕಾಗಿರೋನು ಇಬ್ಬರೂ ಬೇಕಲ್ಲ, ಹಾಗೆ.

ಎರಡನೆಯದಾಗಿ, ಇದರಲ್ಲಿ ಗಣಿತ ಇದೆ. 20 ಕಾರ್ಡಿನಲ್ಲಿ ನನಗೆ ಬೇಕಾದ್ದು 2 ಇದ್ದರೆ, ಮೇಲಿನ ಕಾರ್ಡು ಅದೇ ಆಗಿರುವ ಸಾಧ್ಯತೆ ಹತ್ತರಲ್ಲಿ ಒಂದು. "ಮಿಸ್ಟಿ" ಅಂತ ಒಂದು ಕಾರ್ಡಿದೆ. ಹೂವು ಬೀಳುವ ತನಕ ನಾಣ್ಯ ಚಿಮ್ಮುತ್ತಾ ಇರಬೇಕು, ಎಷ್ಟು ಸಲ ರಾಜ ಬಿತ್ತೋ ಅಷ್ಟು ನೀರಿನ ಶಕ್ತಿ. ಕೇಳಕ್ಕೆ ಚೆನ್ನಾಗಿದೆ. ಆದರೆ ಅರ್ಧ ಸಲ ಮೊದಲನೇ ಚಿಮ್ಮಿಗೇ ಕಥೆ ಮುಗಿಯುತ್ತೆ, ಏನೂ ಸಿಗಲ್ಲ. ಸಂಭವನೀಯತೆ ಅನ್ನೋದು ಪುಸ್ತಕದಲ್ಲಿ ಓದಿದ್ದಕ್ಕಿಂತ ಇಲ್ಲಿ ಬೇಗ ತಲೆಗೆ ಹೋಯಿತು.

ಮೂರನೆಯದಾಗಿ, ಆಟ ಚಿಕ್ಕದು. ಕೆಲವು ನಿಮಿಷದಲ್ಲಿ ಒಂದು ಪಂದ್ಯ ಮುಗಿಯುತ್ತೆ. ಗುಂಡು ಹೊಡೆಯೋದು, ರಕ್ತ ಇಲ್ಲ. ಗೊತ್ತಿಲ್ಲದವರ ಜತೆ ಮಾತು ಬರೆದುಕೊಳ್ಳುವ ಜಾಗವೂ ಆಟದೊಳಗೆ ಇಲ್ಲ. ಹೆಣ್ಣುಮಕ್ಕಳಿಗೆ ಇದು ಮುಖ್ಯ ಅಂತ ನಮ್ಮ ಅತ್ತೆ ಹೇಳಿದರು. ಚಿತ್ರಗಳಂತೂ ತುಂಬಾ ಚೆಂದ. ಪ್ರತಿ ಕಾರ್ಡಿನ ಮೇಲೂ ಚಿತ್ರ ಬರೆದವರ ಹೆಸರು ಇರುತ್ತೆ. ನಮ್ಮ ಗೋಡೆ ಪತ್ರಿಕೆಯಲ್ಲೂ ಚಿತ್ರ ಬರೆದವರ ಹೆಸರು ಹಾಕಬೇಕು ಅಂತ ನನ್ನ ಕೋರಿಕೆ.

ಇಷ್ಟು ಗುಣ ಹೇಳಿದೆ. ಇನ್ನು ದೋಷಕ್ಕೆ ಬರೋಣ.

ಆಟದ ಪಕ್ಕದಲ್ಲೇ ಒಂದು ಅಂಗಡಿ ಇದೆ. ಕಾರ್ಡುಗಳು ಪೊಟ್ಟಣದಲ್ಲಿ ಬರುತ್ತವೆ. ಒಂದು ಪೊಟ್ಟಣದಲ್ಲಿ ಸಾಮಾನ್ಯವಾಗಿ 5 ಕಾರ್ಡು. 12 ಗಂಟೆಗೆ ಒಂದರಂತೆ ದಿನಕ್ಕೆ 2 ಪೊಟ್ಟಣ ಪುಕ್ಕಟೆ. ಇನ್ನೂ ಬೇಕು ಅಂದರೆ ದುಡ್ಡು. ತಿಂಗಳ ಚಂದಾ ಕಟ್ಟಿದರೆ ದಿನಕ್ಕೆ ಇನ್ನೊಂದು ಪೊಟ್ಟಣ. ಅಮೆರಿಕದಲ್ಲಿ ಆ ಚಂದಾ ಸುಮಾರು 10 ಡಾಲರ್, ನಮ್ಮ ಲೆಕ್ಕದಲ್ಲಿ ಎಂಟುನೂರು ರೂಪಾಯಿಗೂ ಮೇಲೆ.

ಎಲ್ಲರಿಗೂ ಬೇಕಾಗಿರೋದು ಕಿರೀಟದ ಗುರುತಿನ ಬಂಗಾರದ ಕಾರ್ಡು. ಅದು ಸಿಗುವ ಸಾಧ್ಯತೆಯನ್ನು ಆಟದಲ್ಲೇ ಬರೆದಿದ್ದಾರೆ. ಅದು ಒಳ್ಳೇದು, ಆದರೆ ಅದನ್ನು ಓದುವವರು ಯಾರು? ನಾನು ಮೊದಲ ಕಂತಿನ ಪಟ್ಟಿ ಓದಿದೆ. ಪೊಟ್ಟಣದ ಮೊದಲ ಮೂರು ಕಾರ್ಡು ಹೆಚ್ಚುಕಡಿಮೆ ಯಾವಾಗಲೂ ಸಾಮಾನ್ಯದವು. 4ನೆಯದು ಕಿರೀಟದ್ದಾಗುವ ಸಾಧ್ಯತೆ ಶೇಕಡ 0.04. 5ನೆಯದು ಶೇಕಡ 0.16. ಕೂಡಿದರೆ ಶೇಕಡ 0.2. ಅಂದರೆ ಸರಾಸರಿ 500 ಪೊಟ್ಟಣಕ್ಕೆ ಒಂದು. ದಿನಕ್ಕೆ 2ರಂತೆ ಒಡೆದರೆ 250 ದಿನ. ಜೂನ್ ತಿಂಗಳಲ್ಲಿ ಶುರು ಮಾಡಿದರೆ ಫೆಬ್ರವರಿ ಬರುತ್ತೆ, ಪರೀಕ್ಷೆಗೆ ಓದೋ ಹೊತ್ತಿಗೆ.

500 ಒಡೆದರೆ ಬಂದೇ ಬರುತ್ತಾ? ಅದೂ ಇಲ್ಲ. ಗಣಿತದ ಮೇಷ್ಟ್ರನ್ನು ಕೇಳಿದೆ. ಅವರು ಲೆಕ್ಕ ಮಾಡಿ ತೋರಿಸಿದರು: 100 ಜನ ತಲಾ 500 ಪೊಟ್ಟಣ ಒಡೆದರೆ ಅವರಲ್ಲಿ ಸುಮಾರು 37 ಜನಕ್ಕೆ ಒಂದೂ ಸಿಕ್ಕಿರಲ್ಲ. ಅಂಥವರಿಗೆ ಅಂತ ಒಂದು ದಾರಿ ಇಟ್ಟಿದ್ದಾರೆ. ಪೊಟ್ಟಣಕ್ಕೆ 5 ಪಾಯಿಂಟು ಕೊಡುತ್ತಾರೆ, 2500 ಪಾಯಿಂಟು ಕೊಟ್ಟರೆ ಕಿರೀಟದ ಕಾರ್ಡು ಕೊಳ್ಳಬಹುದು. ಭಾಗಿಸಿ ನೋಡಿ, ಮತ್ತೆ ಅದೇ 500 ಪೊಟ್ಟಣ! ಒಂದು ಕಂತಿನ ಪಾಯಿಂಟು ಇನ್ನೊಂದು ಕಂತಿಗೆ ನಡೆಯಲ್ಲ. ಹೊಸ ಕಂತು ಮಾತ್ರ ಬರ್ತಾನೇ ಇರುತ್ತೆ. 2024ರ ಅಕ್ಟೋಬರ್ ಕೊನೆಯಿಂದ 2025ರ ಜನವರಿ ಕೊನೆಯೊಳಗೆ ಮೂರು ಕಂತು ಬಂದವು. ಒಂದರ ಹಿಂದೆ ಓಡುವಾಗ ಇನ್ನೊಂದು ಬಂದು ಕರೆಯುತ್ತೆ.

ಇಲ್ಲಿ ಒಂದು ಗುಟ್ಟು ಹೇಳುತ್ತೇನೆ, ದಯವಿಟ್ಟು ಎಲ್ಲರೂ ಗಮನಿಸಿ. ಬಂಗಾರದ ಚಾರಿಜಾರ್ಡ್ ಇಎಕ್ಸ್ ಕೂಡ 150 ಏಟೇ ಹೊಡೆಯೋದು. ಸಾದಾ ಚಾರಿಜಾರ್ಡ್ ಇಎಕ್ಸ್ ಕೂಡ 150. ಬಂಗಾರ ಬರೀ ಬಣ್ಣ. ಹಾಗಿದ್ದ ಮೇಲೆ ನಾವು ದುಡ್ಡು ಕೊಡೋದು ಗೆಲ್ಲೋದಕ್ಕಲ್ಲ, ತೋರಿಸೋದಕ್ಕೆ.

ಎರಡನೆಯ ದೋಷ. ಹೆಸರಿನಲ್ಲೇ "ಟ್ರೇಡಿಂಗ್" ಇದೆ, ಅಂದರೆ ಅದಲು ಬದಲು. ಆದರೆ ಆಟ ಬಂದಾಗ ಅದಲು ಬದಲು ಇರಲೇ ಇಲ್ಲ. 2025ರ ಜನವರಿ 29ರಂದು ಕೊಟ್ಟರು. ಕೊಟ್ಟಿದ್ದಾದರೂ ಹೇಗೆ? ಒಂದು ಇಎಕ್ಸ್ ಕಾರ್ಡು ಬದಲಾಯಿಸಲು 500 ಟೋಕನ್ ಬೇಕಿತ್ತು. ಒಂದು ಇಎಕ್ಸ್ ಕಾರ್ಡು ಅಳಿಸಿಹಾಕಿದರೆ ಸಿಗುತ್ತಿದ್ದುದು 125 ಟೋಕನ್. ಅಂದರೆ ಒಂದನ್ನು ಬದಲಾಯಿಸಲು ನಾಲ್ಕನ್ನು ಸುಡಬೇಕಿತ್ತು. ಲೋಕದ ಆಟಗಾರರೆಲ್ಲ ಬೈದರು. ಅದೇ ವರ್ಷ ಜುಲೈ ಕೊನೆಗೆ ಟೋಕನ್ ತೆಗೆದುಹಾಕಿದರು. ಇದರಿಂದ ಒಂದು ಪಾಠ ಕಲಿಯಬಹುದು: ಎಲ್ಲರೂ ಸೇರಿ ಕೇಳಿದರೆ ದೊಡ್ಡ ಕಂಪನಿಯೂ ಕೇಳುತ್ತೆ. ಆದರೂ ನನಗೆ ಅನಿಸುತ್ತೆ, ನಮ್ಮ ಗೋಲಿ ಬದಲಾಯಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಮೂರನೆಯ ದೋಷ. ಮೊಬೈಲಿನ ಕಾರ್ಡು ನಿಜವಾಗಿ ನಮ್ಮದಲ್ಲ. ಇದಕ್ಕಿಂತ ಮುಂಚೆ "ಪೋಕೆಮಾನ್ ಟ್ರೇಡಿಂಗ್ ಕಾರ್ಡ್ ಗೇಮ್ ಆನ್‌ಲೈನ್" ಅಂತ ಕಂಪ್ಯೂಟರ್ ಆಟ ಇತ್ತು, 2011ರಲ್ಲಿ ಶುರುವಾದದ್ದು. 2023ರ ಜೂನ್‌ನಲ್ಲಿ ಅದನ್ನು ಮುಚ್ಚಿದರು. ಕಾರ್ಡುಗಳನ್ನು ಹೊಸ ಆಟಕ್ಕೆ ಸಾಗಿಸಲು ಅವಕಾಶ ಕೊಟ್ಟರು, ಸರಿ. ಆದರೆ ಹಳೆಯದರಲ್ಲಿ ಇದ್ದ ಅದಲು ಬದಲು ಹೊಸದರಲ್ಲಿ ಇಲ್ಲ. 1996ರ ಕಾಗದದ ಕಾರ್ಡು ಪೆಟ್ಟಿಗೆಯಲ್ಲಿ ಇದ್ದರೆ ಇವತ್ತೂ ಇರುತ್ತೆ. ಮೊಬೈಲಿನದು ಅವರು ಇಟ್ಟಷ್ಟು ದಿನ.

ಏನು ಬರುತ್ತೆ ಅಂತ ಗೊತ್ತಿಲ್ಲದೆ ದುಡ್ಡು ಹಾಕುವುದಕ್ಕೆ ಜಪಾನಿನಲ್ಲಿ "ಗಾಚಾ" ಅಂತಾರೆ. ಕಾಸು ಹಾಕಿ ತಿರುವಿದರೆ ಆಟಿಕೆ ಬೀಳುವ ಯಂತ್ರದಿಂದ ಬಂದ ಹೆಸರು. ಆ ಜಪಾನಿನವರೇ 2012ರಲ್ಲಿ ಒಂದು ಬಗೆಯ ಗಾಚಾ ಕಾನೂನಿಗೆ ವಿರುದ್ಧ ಅಂದರು. 2018ರಲ್ಲಿ ಬೆಲ್ಜಿಯಂ ದೇಶದವರು ಕೆಲವು ಆಟಗಳ ಇಂಥ ಪೆಟ್ಟಿಗೆಗಳು ಜೂಜು ಅಂದರು. ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಈ ಆಟದಲ್ಲಿ ದುಡ್ಡು ಗೆಲ್ಲಲು ಆಗಲ್ಲ. ಹಾಗಂತ ದುಡ್ಡು ಕಳೆದುಕೊಳ್ಳಲು ಆಗಲ್ಲ ಅಂತ ಅಲ್ಲ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ಈಗ ನಮ್ಮ ತರಗತಿ ಎರಡು ಭಾಗ ಆಗಿದೆ. ಕಾರ್ಡು ಇರೋರು ಬಿಡುವಿನಲ್ಲಿ ಬೇವಿನ ಮರದ ಹತ್ತಿರ ಕೂರ್ತಾರೆ. ಇಲ್ಲದೋರು ಈ ಕಡೆ. "ನಿನ್ನ ಹತ್ರ ಬಂಗಾರದ್ದು ಐತಾ?" ಅಂತ ಕೇಳ್ತಾರೆ. ಇಲ್ಲ ಅಂದರೆ ನಗ್ತಾರೆ. ನಮ್ಮಲ್ಲಿ ಎಷ್ಟೋ ಮನೆಯಲ್ಲಿ ಇರೋದು ಒಂದೇ ಫೋನು. ಅದು ಅಪ್ಪನ ಜೊತೆ ಹೊಲಕ್ಕೆ ಹೋಗುತ್ತೆ, ಇಲ್ಲ ಅಮ್ಮನ ಜೊತೆ ಕೂಲಿಗೆ ಹೋಗುತ್ತೆ. ಅಂಥವರು 12 ಗಂಟೆಗೊಂದು ಪೊಟ್ಟಣ ಹೇಗೆ ಒಡೀತಾರೆ? ನನ್ನ ಗೆಳತಿ ಒಬ್ಬಳು ಆ ಪ್ರಶ್ನೆಗೆ ಹೆದರಿ ಬಿಡುವಿನಲ್ಲಿ ಹೊರಗೆ ಬರೋದೇ ಬಿಟ್ಟಿದ್ದಾಳೆ. ಒಬ್ಬ ಹುಡುಗ ಅಪ್ಪನ ಫೋನಿನ ಪಿನ್ ಗೊತ್ತು ಅಂತ ಹೆಮ್ಮೆಯಿಂದ ಹೇಳ್ತಾನೆ. ಆ ದುಡ್ಡು ಗೊಬ್ಬರಕ್ಕೆ ಇಟ್ಟಿದ್ದು ಅಂತ ಅವನಿಗೂ ಗೊತ್ತು.

ಆದ್ದರಿಂದ ನನ್ನ ಅಭಿಪ್ರಾಯ ಇದು. ಆಟ ನಿಲ್ಲಿಸಿ ಅಂತ ಹೇಳಲ್ಲ. ಫೋನು ಸಿಕ್ಕಾಗ, ಮನೆಯವರ ಒಪ್ಪಿಗೆ ಪಡೆದು, ಪುಕ್ಕಟೆ ಪೊಟ್ಟಣದಲ್ಲೇ ಆಡಿ. ಅಂಗಡಿ ಕಡೆ ಹೋಗಬೇಡಿ. ಬಂಗಾರ ಇದೆಯಾ ಅಂತ ಕೇಳೋ ಬದಲು ಹೇಗೆ ಗೆದ್ದೆ ಅಂತ ಕೇಳಿ.

ಇನ್ನೂ ಒಂದು ಮಾತು. ಈ ಆಟದ ನಿಯಮಕ್ಕೆ ಮೊಬೈಲು ಬೇಕಾಗೇ ಇಲ್ಲ! ಹಳೇ ಲಗ್ನಪತ್ರಿಕೆ ಕತ್ತರಿಸಿದರೆ ಗಟ್ಟಿ ಕಾರ್ಡು ಆಗುತ್ತೆ. ನಮ್ಮೂರಿನ ಪ್ರಾಣಿ ಪಕ್ಷಿಗಳನ್ನೇ ಬರೆಯೋಣ: ಹದ್ದು, ಗೂಬೆ, ಮಿಂಚುಳ್ಳಿ, ಮುಂಗುಸಿ, ನಾಗರಹಾವು. ಹಾವಿಗೆ ಮುಂಗುಸಿ ಕಂಡರೆ ಆಗಲ್ಲ, ಆದ್ದರಿಂದ ಅದರ ಏಟು 20 ಜಾಸ್ತಿ. ಶಕ್ತಿಗೆ ಹುಣಸೆ ಬೀಜ. ಚಿಮ್ಮೋಕೆ ಒಂದು ರೂಪಾಯಿ ನಾಣ್ಯ, ಆಟ ಮುಗಿದ ಮೇಲೆ ಅದು ಯಾರದೋ ಅವರಿಗೆ ವಾಪಸ್. ಪ್ರತಿಯೊಬ್ಬರಿಗೂ 20 ಕಾರ್ಡು, ಮೂರು ಅಂಕಕ್ಕೆ ಗೆಲುವು. ಎಲ್ಲರ ಕಟ್ಟೂ ಒಂದೇ ಬೆಲೆ, ಅಂದರೆ ಸೊನ್ನೆ. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಇದಕ್ಕೆ ಅವಕಾಶ ಕೊಡಬೇಕೆಂದು ಮೇಷ್ಟ್ರಲ್ಲಿ ವಿನಂತಿ. ಐದು ಕಾರ್ಡು ನಾನು ಆಗಲೇ ಬರೆದಿದ್ದೇನೆ. ಗೂಬೆಯ ಕಣ್ಣು ಮಾತ್ರ ಸರಿ ಬಂದಿಲ್ಲ, ಚಿತ್ರ ಚೆನ್ನಾಗಿ ಬರೆಯೋರು ದಯವಿಟ್ಟು ಬನ್ನಿ.

ನನ್ನ ಮಾತು ಒಪ್ಪದವರು ಗೋಡೆಯ ಮುಂದೆ ನಿಂತು ಗೊಣಗದೆ, ಮುಂದಿನ ಸಂಚಿಕೆಗೆ ಬರೆದು ಕೊಡಿ. ಆದರೆ ಲೆಕ್ಕ ಹಾಕಿ ಬರೆಯಿರಿ.

ಇತಿ ನಿಮ್ಮ ಸಹಪಾಠಿ,
ಏಳನೇ ತರಗತಿ