ಮೊದಲು ಉಳಿಸಿ, ಆಮೇಲೆ ಬೆಲೆ ಕಟ್ಟಿ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ತೆರೆಕಂಡದ್ದು 1934ರ ಮಾರ್ಚ್ 3ರಂದು. ವೈ.ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬ ಅಭಿನಯಿಸಿದ, ಕೊಲ್ಹಾಪುರದ ಸ್ಟುಡಿಯೊದಲ್ಲಿ ತಯಾರಾದ ಆ ಸಿನಿಮಾದ ಒಂದು ಪ್ರತಿಯೂ ಇಂದು ನೋಡಲು ಸಿಗುವುದಿಲ್ಲ. ಅದಾದ ಎರಡು ವರ್ಷಕ್ಕೆ, 1936ರಲ್ಲಿ, ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಲೆಕ್ಸಿಂಗ್ಟನ್ ಎಂಬ ಪುಟ್ಟ ಊರಿನ ಸ್ಟುಡಿಯೊ ಛಾಯಾಗ್ರಾಹಕ ಎಚ್. ಲೀ ವಾಟರ್ಸ್ ಹೊಟ್ಟೆಪಾಡಿಗಾಗಿ ಊರೂರು ಸುತ್ತಿ ಅಲ್ಲಿನ ಜನರನ್ನು ಚಿತ್ರೀಕರಿಸತೊಡಗಿದರು. 1942ರವರೆಗೆ ಅವರು ನಾರ್ತ್ ಕೆರೊಲಿನಾ, ಸೌತ್ ಕೆರೊಲಿನಾ, ವರ್ಜೀನಿಯಾ ಮತ್ತು ಟೆನೆಸಿಯ 118 ಊರುಗಳಲ್ಲಿ 252 ಚಿತ್ರಗಳನ್ನು ತೆಗೆದರು. ತಾರೆಯರಿಲ್ಲದ, ಕಥೆಯಿಲ್ಲದ, ಮಾತೂ ಇಲ್ಲದ ಆ ರೀಲುಗಳ ಪೈಕಿ ಬಹಳಷ್ಟನ್ನು ಇಂದು ಜಗತ್ತಿನ ಯಾವ ಮೂಲೆಯಲ್ಲಿ ಕುಳಿತೂ ನೋಡಬಹುದು. ಒಂದು ಭಾಷೆಯ ವಾಕ್ಚಿತ್ರಗಳಿಗೆ ನಾಂದಿ ಹಾಡಿದ ಸಿನಿಮಾ ಅಳಿದುಹೋಗಿ, ಗಿರಣಿ ಗೇಟಿನಲ್ಲಿ ತೆಗೆದ ರೀಲು ಉಳಿದದ್ದು ಹೇಗೆ? ಪ್ರಾದೇಶಿಕ ಸಿನಿಮಾದ ಚರಿತ್ರೆ ಉಳಿಯುವುದು ಚಿತ್ರಗಳ ಘನತೆಯ ಬಲದಿಂದಲ್ಲ, ಬಂದದ್ದನ್ನು ಬೆಲೆ ಕಟ್ಟುವ ಮೊದಲೇ ಎತ್ತಿಡುವ ವ್ಯವಸ್ಥೆಯ ಬಲದಿಂದ ಎಂಬುದೇ ಇದಕ್ಕೆ ಉತ್ತರ. ಸಿನಿಮಾಗಳ ಭಂಡಾರಕ್ಕೆಂದು ಕರ್ನಾಟಕ ಸರ್ಕಾರ 2025–26ರ ಬಜೆಟ್‌ನಲ್ಲಿ 3 ಕೋಟಿ ರೂಪಾಯಿ ಘೋಷಿಸಿರುವುದರಿಂದ ಈ ಮಾತನ್ನು ಈಗಲೇ ಆಡಬೇಕಾಗಿದೆ.

ವಾಟರ್ಸ್ ಅವರ ಕೆಲಸದ ಕ್ರಮ ಸರಳವಾಗಿತ್ತು. ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ ಸ್ಟುಡಿಯೊದ ಸಂಪಾದನೆ ಸಾಲದೆ ಹೋದಾಗ ಅವರು ಅದನ್ನು ಪತ್ನಿ ಮೇಬಲ್ ಕೈಗೆ ಒಪ್ಪಿಸಿ, 16 ಎಂ.ಎಂ. ಕ್ಯಾಮೆರಾ ಹಿಡಿದು ಹೊರಟರು. ಹತ್ತಿ ಗಿರಣಿಯ ಪಾಳಿ ಬಿಡುವ ಹೊತ್ತಿಗೆ ಗೇಟಿನ ಎದುರು, ಮಕ್ಕಳು ಹೊರಬರುವ ಹೊತ್ತಿಗೆ ಶಾಲೆಯ ಅಂಗಳದಲ್ಲಿ, ಪೇಟೆ ಬೀದಿಯಲ್ಲಿ ಅಂಗಡಿ ಸಾಲಿನ ಮುಂದೆ ನಿಂತು ಎದುರಾದವರನ್ನೆಲ್ಲ ಚಿತ್ರೀಕರಿಸಿದರು. ಆಮೇಲೆ ಅದೇ ಊರಿನ ಚಿತ್ರಮಂದಿರದಲ್ಲಿ ಹಾಲಿವುಡ್ ಸಿನಿಮಾದ ಜೊತೆಗೆ ಆ ರೀಲನ್ನು ತೋರಿಸುತ್ತಿದ್ದರು. ತೆರೆಯ ಮೇಲೆ ತಮ್ಮನ್ನೇ ನೋಡಿಕೊಳ್ಳಲು ಜನ ಟಿಕೆಟ್ ಕೊಳ್ಳುತ್ತಿದ್ದರು. ಗಲ್ಲಾಪೆಟ್ಟಿಗೆಯ ಹಣದಲ್ಲಿ ವಾಟರ್ಸ್‌ಗೆ ಪಾಲು ಸಿಗುತ್ತಿತ್ತು. ವರ್ಣಭೇದ ಕಾನೂನೇ ಆಗಿದ್ದ ಆ ಕಾಲದಲ್ಲಿ ಅವರು ಕಪ್ಪುವರ್ಣೀಯರ ಕೇರಿಗಳಿಗೂ ಶಾಲೆಗಳಿಗೂ ಕ್ಯಾಮೆರಾ ಒಯ್ದರು. ಹಾಲಿವುಡ್ ಆ ಜನರಿಗೆ ಹೆಚ್ಚಾಗಿ ಆಳುಕಾಳಿನ ಪಾತ್ರಗಳನ್ನೇ ಕೊಡುತ್ತಿದ್ದಾಗ, ಇಲ್ಲಿ ಅವರು ತಮ್ಮ ಮನೆಯ ಮುಂದೆ, ತಮ್ಮ ಒಳ್ಳೆಯ ಬಟ್ಟೆಯಲ್ಲಿ, ಕ್ಯಾಮೆರಾವನ್ನು ನೇರವಾಗಿ ದಿಟ್ಟಿಸುತ್ತಾರೆ. ಇನ್ನೊಂದು ಸಂಗತಿ ಮುಖ್ಯ. ವಾಟರ್ಸ್ ಬಳಸಿದ್ದು ರಿವರ್ಸಲ್ ಫಿಲಂ. ಅದಕ್ಕೆ ನೆಗೆಟಿವ್ ಇರುವುದಿಲ್ಲ. ಕ್ಯಾಮೆರಾದಲ್ಲಿ ಓಡಿದ ಸುರುಳಿಯೇ ಸಂಸ್ಕರಣೆಯಾದ ಮೇಲೆ ಪ್ರೊಜೆಕ್ಟರಿಗೂ ಏರುತ್ತದೆ. ಹಾಗಾಗಿ ಒಂದೊಂದು ರೀಲೂ ಜಗತ್ತಿಗೆ ಒಂದೇ ಪ್ರತಿ. ಅದು ಕಸದ ಬುಟ್ಟಿ ಸೇರಿದ್ದರೆ ಒಂದು ಊರಿನ ಒಂದು ಕಾಲವೇ ಕಣ್ಮರೆಯಾಗುತ್ತಿತ್ತು.

ಹಾಗಾಗದಂತೆ ತಡೆದವರಲ್ಲಿ ನಾರ್ತ್ ಕೆರೊಲಿನಾದ ಡರ್ಹಮ್ ನಗರದ ಸಾಕ್ಷ್ಯಚಿತ್ರ ನಿರ್ದೇಶಕ ಟಾಮ್ ವೈಟ್‌ಸೈಡ್ ಮುಖ್ಯರು. 1980ರ ದಶಕದಿಂದಲೇ ಅವರು ವಾಟರ್ಸ್ ಮತ್ತು ಅವರಂಥ ಸಂಚಾರಿ ಛಾಯಾಗ್ರಾಹಕರ ಕುರಿತು ಸಂಶೋಧನೆ ನಡೆಸಿ, ಸಾಕ್ಷ್ಯಚಿತ್ರವನ್ನೂ ಮಾಡಿದರು. ಹಾಲಿವುಡ್‌ನ ಚರಿತ್ರೆ ಬರೆದವರು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಈ ಕಸುಬನ್ನು ಅವರು ಪ್ರಾದೇಶಿಕ ಚಿತ್ರನಿರ್ಮಾಣದ ಒಂದು ಅಧ್ಯಾಯವೆಂದು ಗುರುತಿಸಿದರು. ಡರ್ಹಮ್‌ನಲ್ಲೇ ಇರುವ ಡ್ಯೂಕ್ ವಿಶ್ವವಿದ್ಯಾಲಯ ರೀಲುಗಳನ್ನೂ ವಾಟರ್ಸ್ ಅವರ ದಾಖಲೆಗಳನ್ನೂ ಸಂಗ್ರಹಿಸಿ, ಪಟ್ಟಿ ಮಾಡಿ, ಡಿಜಿಟಲ್ ರೂಪಕ್ಕೆ ತಂದು ಎಲ್ಲರಿಗೂ ತೆರೆದಿಟ್ಟಿತು. ಷಾರ್ಲಟ್ ಸಮೀಪದ ಗಿರಣಿ ಊರು ಕನ್ನಾಪೊಲಿಸ್‌ನಲ್ಲಿ 1941ರಲ್ಲಿ ತೆಗೆದ ರೀಲು 2004ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಸೇರಿತು. ಮನ್ನಣೆ ದೊರೆತದ್ದು ರೀಲು ತಯಾರಾದ 63 ವರ್ಷಗಳ ನಂತರ ಎಂಬುದನ್ನು ಗಮನಿಸಬೇಕು. ಅದರ ಬೆಲೆ ತಿಳಿಯುವವರೆಗೆ ಯಾರೋ ಅದನ್ನು ಜೋಪಾನ ಮಾಡಿದ್ದರು. ಬೆಲೆ ತಿಳಿದ ಮೇಲೆ ಇಟ್ಟುಕೊಳ್ಳೋಣ ಎಂದಿದ್ದರೆ ಇಟ್ಟುಕೊಳ್ಳಲು ಏನೂ ಉಳಿದಿರುತ್ತಿರಲಿಲ್ಲ.

ಹಾಗೆಂದು ಅಮೆರಿಕ ಎಲ್ಲವನ್ನೂ ಉಳಿಸಿಕೊಂಡ ದೇಶವಲ್ಲ. ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 1912ರಿಂದ 1929ರ ನಡುವೆ ಆ ದೇಶದಲ್ಲಿ ತಯಾರಾದ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ಬಿಡುಗಡೆಯಾದ ರೂಪದಲ್ಲೇ ಪೂರ್ತಿಯಾಗಿ ಉಳಿದಿರುವುದು ಶೇ 14 ಮಾತ್ರ. ಶೇ 70ರಷ್ಟು ಸಂಪೂರ್ಣ ನಾಶವಾಗಿವೆ. ಆಶ್ಚರ್ಯವೆಂದರೆ, ಅದಕ್ಕೂ ಹಳೆಯ ಚಿತ್ರಗಳ ಪೈಕಿ 3,000ಕ್ಕೂ ಹೆಚ್ಚು ಉಳಿದಿವೆ. ಇದಕ್ಕೆ ಕಾರಣ ಕಲಾಭಿಮಾನವಲ್ಲ, ಕಾನೂನು. 1912ರವರೆಗೆ ಅಮೆರಿಕದ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಸಿನಿಮಾ ಎಂಬ ವರ್ಗವೇ ಇರಲಿಲ್ಲ. ಆದ್ದರಿಂದ ನಿರ್ಮಾಪಕರು ತಮ್ಮ ಚಿತ್ರದ ಪ್ರತಿ ಚೌಕಟ್ಟನ್ನೂ ಉದ್ದನೆಯ ಕಾಗದದ ಸುರುಳಿಯ ಮೇಲೆ ಮುದ್ರಿಸಿ, ಅದನ್ನು ಫೋಟೊ ಎಂದು ವಾಷಿಂಗ್ಟನ್‌ನಲ್ಲಿ ನೋಂದಾಯಿಸುತ್ತಿದ್ದರು. ಸಿನಿಮಾಕ್ಕೆ ಪ್ರತ್ಯೇಕ ವರ್ಗ ಬಂದ ಮೇಲೆ ಕಾಗದದ ಸುರುಳಿ ಕೊಡುವುದು ನಿಂತಿತು. ಬೆಂಕಿಯ ಭಯದಿಂದ ನೈಟ್ರೇಟ್ ಫಿಲಂಗಳನ್ನು ಗ್ರಂಥಾಲಯ ನಿರ್ಮಾಪಕರಿಗೆ ಹಿಂದಿರುಗಿಸತೊಡಗಿತು. ಕಾಗದ ಉಳಿಯಿತು, ಹಿಂದಿರುಗಿದ ಫಿಲಂ ಹಾಳಾಯಿತು. ದಶಕಗಳ ನಂತರ ಆ ಕಾಗದದ ಸುರುಳಿಗಳನ್ನೇ ಚೌಕಟ್ಟು ಚೌಕಟ್ಟಾಗಿ ಮತ್ತೆ ಚಿತ್ರೀಕರಿಸಿ ಸಿನಿಮಾ ಮಾಡಲಾಯಿತು. ಇಂದು ಆ ಗ್ರಂಥಾಲಯದ ಫಿಲಂ ಭಂಡಾರ ವಾಷಿಂಗ್ಟನ್‌ನಿಂದ ಸುಮಾರು 120 ಕಿ.ಮೀ. ದೂರದ ಕಲ್ಪೆಪರ್‌ನಲ್ಲಿದೆ, ಶೀತಲ ಸಮರದ ಕಾಲದಲ್ಲಿ ನೋಟಿನ ಕಂತೆಗಳನ್ನು ಅಡಗಿಸಿಡಲು ಗುಡ್ಡದೊಳಗೆ ಕಟ್ಟಿದ್ದ ನೆಲಮಾಳಿಗೆಯನ್ನು 2007ರಲ್ಲಿ ಚಿತ್ರಗಳಿಗೆ ಬಿಟ್ಟುಕೊಡಲಾಯಿತು.

ವ್ಯವಸ್ಥೆಯ ಹೊರಗೆ ಉಳಿದವರ ಪಾಡು ಏನಾಗುತ್ತದೆ ಎಂಬುದಕ್ಕೂ ವಾಟರ್ಸ್ ಓಡಾಡಿದ ಪ್ರದೇಶದಲ್ಲೇ ಸಾಕ್ಷಿಯಿದೆ. 40ಕ್ಕೂ ಹೆಚ್ಚು ಚಿತ್ರಗಳನ್ನು ಮಾಡಿದ ಕಪ್ಪುವರ್ಣೀಯ ನಿರ್ದೇಶಕ ಆಸ್ಕರ್ ಮಿಶೋ 1951ರಲ್ಲಿ ಷಾರ್ಲಟ್‌ನಲ್ಲಿ ತೀರಿಕೊಂಡಾಗ ಅವರ ಹೆಚ್ಚಿನ ಮೂಕಿ ಚಿತ್ರಗಳು ಎಲ್ಲಿವೆ ಎಂದು ಕೇಳುವವರಿರಲಿಲ್ಲ. 1920ರ ‘ವಿದಿನ್ ಅವರ್ ಗೇಟ್ಸ್’ ಚಿತ್ರದ ಪ್ರತಿ ಬೇರೊಂದು ಹೆಸರಿನಲ್ಲಿ ಸ್ಪೇನ್‌ನ ಆರ್ಕೈವ್‌ನಲ್ಲಿ ಸಿಕ್ಕಿತು. ಅದನ್ನು ಆಧರಿಸಿ ಲೈಬ್ರರಿ ಆಫ್ ಕಾಂಗ್ರೆಸ್ 1993ರಲ್ಲಿ ಚಿತ್ರವನ್ನು ಪುನರುಜ್ಜೀವನಗೊಳಿಸಿತು. ತನ್ನ ನಾಡಿನಲ್ಲಿ ಜಾಗ ಸಿಗದ ಚರಿತ್ರೆಗೆ ಸಾಗರದಾಚೆ ಅದೃಷ್ಟವಶಾತ್ ಜಾಗ ಸಿಕ್ಕಿತ್ತು. ಅದೃಷ್ಟವನ್ನು ನಂಬಿ ಯಾವ ನಾಡೂ ತನ್ನ ಚರಿತ್ರೆಯನ್ನು ಕಾಯಲಾಗದು.

ಕನ್ನಡದ ವಿಷಯದಲ್ಲಿ ಆದದ್ದು ಇದೇ, ಆದರೆ ಆ ಅದೃಷ್ಟವೂ ಇಲ್ಲದೆ. ಗುಬ್ಬಿ ವೀರಣ್ಣನವರು ನಾಟಕ ಕಂಪನಿಯ ಗಳಿಕೆಯನ್ನು ಸುರಿದು ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಕಟ್ಟಿ ‘ಹರಿಮಾಯಾ’ದಂಥ ಮೂಕಿ ಚಿತ್ರಗಳನ್ನು ತೆಗೆದರು. ಶಿವರಾಮ ಕಾರಂತರು ‘ಡೊಮಿಂಗೊ’ ಎಂಬ ಮೂಕಿ ಚಿತ್ರಕ್ಕೆ ಕೈಹಾಕಿದರು. ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯ ಅಂಥವರು ‘ವಸಂತಸೇನಾ’ ಮೂಕಿ ಚಿತ್ರದಲ್ಲಿ ನಟಿಸಿದರು. ಈ ಕಾಲದ ಬಗ್ಗೆ ಸಾಕ್ಷ್ಯಚಿತ್ರ ಮಾಡಹೊರಟವರ ಕೈಗೆ ಸಿಗುವುದು ಆತ್ಮಕಥೆಗಳ ಕೆಲವು ಪುಟ, ಪತ್ರಿಕೆಯ ಜಾಹೀರಾತು, ಒಂದೆರಡು ಸ್ಥಿರಚಿತ್ರ, ಚಿತ್ರಮಂದಿರದಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ. ಸಿನಿಮಾದ ಕಥೆಯನ್ನು ಸಿನಿಮಾ ಇಲ್ಲದೆಯೇ ಹೇಳಬೇಕು. ಭಾರತದಲ್ಲಿ ಹಳೆಯ ಪ್ರಿಂಟುಗಳನ್ನು ತೊಳೆದು ಬೆಳ್ಳಿ ತೆಗೆಯುವುದು ಮಾಮೂಲಿ ವ್ಯವಹಾರವಾಗಿತ್ತು. ಪುಣೆಯ ರಾಷ್ಟ್ರೀಯ ಫಿಲಂ ಆರ್ಕೈವ್ ಹುಟ್ಟಿದ್ದು 1964ರಲ್ಲಿ, ‘ಸತಿ ಸುಲೋಚನಾ’ ಬಂದ 30 ವರ್ಷಗಳ ನಂತರ. ಪುಸ್ತಕ ಪ್ರಕಟವಾದರೆ ಅದರ ಪ್ರತಿಯನ್ನು ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳುಹಿಸಲೇಬೇಕೆಂದು 1954ರ ಕಾಯ್ದೆ ಹೇಳುತ್ತದೆ. ಸಿನಿಮಾ ಆ ಕಾಯ್ದೆಯೊಳಗೆ ಬರುವುದಿಲ್ಲ. ವಾಷಿಂಗ್ಟನ್‌ನಲ್ಲಿ ಕಾಗದದ ಸುರುಳಿಯನ್ನು ಉಳಿಸಿದ ಕಡ್ಡಾಯ ನಮ್ಮಲ್ಲಿ ಎಂದೂ ಇರಲಿಲ್ಲ. ಮಲಯಾಳದ ‘ಮಾರ್ತಾಂಡವರ್ಮ’ (1933) ಉಳಿದದ್ದು ಕೂಡ ಕಾನೂನಿನ ಆಕಸ್ಮಿಕದಿಂದ: ಕಾದಂಬರಿಯ ಹಕ್ಕಿನ ವ್ಯಾಜ್ಯದಿಂದಾಗಿ ಪ್ರಿಂಟು ಪ್ರಕಾಶಕರ ಪುಸ್ತಕದಂಗಡಿ ಸೇರಿ ಅಲ್ಲೇ ಬಿದ್ದಿತ್ತು.

ಇಲ್ಲಿ ಮೂರು ಆಕ್ಷೇಪಗಳಿಗೆ ಉತ್ತರಿಸಬೇಕು. ಮೊದಲನೆಯದು, ಪುಣೆಯಲ್ಲಿ ರಾಷ್ಟ್ರೀಯ ಆರ್ಕೈವ್ ಇರುವಾಗ ರಾಜ್ಯಕ್ಕೆ ಬೇರೆ ಏಕೆ ಎಂಬುದು. ಪುಣೆಯ ಸೇವೆ ದೊಡ್ಡದು. ಸ್ವರ್ಣಕಮಲ ಪಡೆದ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ (1977) ಮೂಲ ನೆಗೆಟಿವ್ ಅಲ್ಲಿ ಉಳಿದದ್ದರಿಂದಲೇ ಅದರ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೆರೆಕಂಡಿತು. ಆದರೆ ರಾಷ್ಟ್ರೀಯ ಆರ್ಕೈವ್‌ನ ಕಣ್ಣು ಸಹಜವಾಗಿಯೇ ರಾಷ್ಟ್ರಮಟ್ಟದ ಕೃತಿಗಳ ಮೇಲಿರುತ್ತದೆ. ಪ್ರಶಸ್ತಿ ಪಡೆಯದ ಚಿತ್ರ, ವಾರ್ತಾ ಇಲಾಖೆಯ ವಾರ್ತಾಚಿತ್ರ, ಹವ್ಯಾಸಿಯೊಬ್ಬರು ತೆಗೆದ ಜಾತ್ರೆಯ ರೀಲು, ಕೋಲಾರದ ಗಣಿಯದ್ದೋ ಕಾಸರಗೋಡಿನ ಯಕ್ಷಗಾನದ್ದೋ ತುಣುಕು ಅಲ್ಲಿಗೆ ತಾನಾಗಿ ಹೋಗುವುದಿಲ್ಲ. ಅವುಗಳ ಬೆಲೆ ಗೊತ್ತಿರುವುದು ಆ ನೆಲದವರಿಗೆ. ಕಲ್ಪೆಪರ್‌ನಲ್ಲಿ ಅಷ್ಟು ದೊಡ್ಡ ಭಂಡಾರವಿದ್ದರೂ ವಾಟರ್ಸ್ ರೀಲುಗಳನ್ನು ಒಟ್ಟುಗೂಡಿಸಿದ್ದು ಡರ್ಹಮ್‌ನ ವಿಶ್ವವಿದ್ಯಾಲಯ. ಅಟ್ಲಾಂಟಾದ ಡಬ್ಲ್ಯುಎಸ್‌ಬಿ ಟಿ.ವಿ. ಕೇಂದ್ರದ ಸುದ್ದಿ ಫಿಲಂಗಳನ್ನು ಕಾಯ್ದದ್ದು ಅಥೆನ್ಸ್‌ನಲ್ಲಿರುವ ಜಾರ್ಜಿಯಾ ವಿಶ್ವವಿದ್ಯಾಲಯ. ನಾಗರಿಕ ಹಕ್ಕು ಚಳವಳಿಯ ಚಿತ್ರಸಾಕ್ಷ್ಯಕ್ಕಾಗಿ ಇಂದು ಜಗತ್ತು ಆ ಸ್ಥಳೀಯ ಸುದ್ದಿ ತುಣುಕುಗಳತ್ತ ತಿರುಗುತ್ತದೆ. ಎಲ್ಲವನ್ನೂ ಒಂದೇ ಕಡೆ ಇಡುವುದು ಕ್ಷೇಮವೂ ಅಲ್ಲ. 2003ರ ಜನವರಿಯಲ್ಲಿ ಪುಣೆಯ ನೈಟ್ರೇಟ್ ಕೋಠಿಗೆ ಬಿದ್ದ ಬೆಂಕಿಯಲ್ಲಿ ಕಳೆದುಕೊಂಡದ್ದನ್ನು ದೇಶ ಇನ್ನೆಂದೂ ಪಡೆಯಲಾರದು.

ಎರಡನೆಯ ಆಕ್ಷೇಪ ಹಣದ್ದು. ಶಾಲೆಗೆ ಸೂರಿಲ್ಲದಿರುವಾಗ ಹಳೆಯ ರೀಲಿಗೆ ತಂಪು ಕೋಣೆಯೇ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಆದರೆ ಕನ್ನಡ ಚಿತ್ರಗಳಿಗೆ ಸರ್ಕಾರ ಈಗಾಗಲೇ ಪ್ರತಿ ವರ್ಷ ಸಹಾಯಧನ ಕೊಡುತ್ತಿದೆ. ಜನರ ತೆರಿಗೆಯಲ್ಲಿ ತಯಾರಾದ ಚಿತ್ರ ಐವತ್ತು ವರ್ಷದ ನಂತರ ಜನರಿಗೆ ನೋಡಲು ಸಿಗದಿದ್ದರೆ ಆ ಹಣ ವ್ಯರ್ಥವಾದಂತೆಯೇ. ಸಂರಕ್ಷಣಾ ಪ್ರತಿಯನ್ನು ಠೇವಣಿ ಇಟ್ಟ ಮೇಲೆಯೇ ಸಹಾಯಧನದ ಕೊನೆಯ ಕಂತು ಎಂಬ ನಿಯಮಕ್ಕೆ ಬೊಕ್ಕಸದಿಂದ ಕೊಡಬೇಕಾದ್ದು ಅತ್ಯಲ್ಪ. ಮೂರನೆಯ ಆಕ್ಷೇಪ ಹೊಸ ಕಾಲದ್ದು: ಎಲ್ಲವೂ ಯೂಟ್ಯೂಬ್‌ನಲ್ಲಿದೆಯಲ್ಲ? ಅಲ್ಲಿರುವ ಎಷ್ಟೋ ಹಳೆಯ ಕನ್ನಡ ಚಿತ್ರಗಳು ಟಿ.ವಿ. ಪ್ರಸಾರದ ಪ್ರತಿಗಳು, ಚೌಕಟ್ಟಿನ ಅಂಚು ಕತ್ತರಿಸಿದೆ, ಮೂಲೆಯಲ್ಲಿ ವಾಹಿನಿಯ ಮುದ್ರೆ ಕೂತಿದೆ. ಕಂಪನಿಯೊಂದು ತನ್ನ ಲಾಭಕ್ಕೆ ನಡೆಸುವ ತಾಣ ನಾಳೆಯೂ ಅವನ್ನು ಇಟ್ಟುಕೊಂಡಿರುತ್ತದೆ ಎಂಬ ಖಾತರಿಯಿಲ್ಲ. ಅತ್ತ ಮೂಲ ಫಿಲಂ ಸೆಕೆಯಲ್ಲಿ, ತೇವದಲ್ಲಿ ಬಿದ್ದಿದ್ದರೆ ಡಬ್ಬ ತೆರೆದ ಕೂಡಲೇ ವಿನೆಗರ್‌ನಂಥ ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ. ಅಸಿಟೇಟ್ ಫಿಲಂ ಕೊಳೆಯತೊಡಗಿದ ಗುರುತು ಅದು. ತಂಪಿನಲ್ಲಿಟ್ಟು ಅದರ ವೇಗ ತಗ್ಗಿಸಬಹುದು, ಹಿಂದಕ್ಕೆ ತಿರುಗಿಸಲಾಗದು.

ಈ ಹೊಣೆಯಲ್ಲಿ ಅಮೆರಿಕದ ಕನ್ನಡಿಗರಿಗೂ ಪಾಲಿದೆ. ವಾಷಿಂಗ್ಟನ್ ಆಸುಪಾಸಿನ ಕಾವೇರಿ ಕನ್ನಡ ಸಂಘ, ಅಟ್ಲಾಂಟಾದ ನೃಪತುಂಗ ಕನ್ನಡ ಕೂಟ, ಕೆರೊಲಿನಾದ ಸಂಘಗಳು ದಶಕಗಳಿಂದ ನಾಟಕ ಆಡಿವೆ, ರಾಜ್ಯೋತ್ಸವ ಮಾಡಿವೆ. 2006ರಲ್ಲಿ ಬಾಲ್ಟಿಮೋರ್, 2012ರಲ್ಲಿ ಅಟ್ಲಾಂಟಾ, ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ಸಮ್ಮೇಳನಗಳಿಗೆ ನೆಲೆಯಾದವು. ಇಂಥ ಕಾರ್ಯಕ್ರಮಗಳ ವಿಡಿಯೊಗಳು ಸದಸ್ಯರ ಮನೆಯ ಕಪಾಟುಗಳಲ್ಲಿ ಕ್ಯಾಸೆಟ್ಟುಗಳಾಗಿ ಕೂತಿದ್ದರೆ ಅವುಗಳ ಆಯುಸ್ಸು ಮುಗಿಯುತ್ತ ಬಂದಿದೆ. ಅಯಸ್ಕಾಂತದ ಟೇಪು ಎರಡು ಮೂರು ದಶಕಗಳಲ್ಲೇ ಕ್ಷೀಣಿಸುತ್ತದೆ. ಅದನ್ನು ಓಡಿಸುವ ಯಂತ್ರಗಳೂ ಮಾರುಕಟ್ಟೆಯಿಂದ ಮಾಯವಾಗಿವೆ. ವಲಸೆ ಬಂದ ಮೊದಲ ಪೀಳಿಗೆಯ ಕನ್ನಡದ ದನಿ, ಉಡುಗೆ, ಮಕ್ಕಳ ತೊದಲು ಕನ್ನಡ ಇರುವುದು ಅವುಗಳಲ್ಲೇ. ಒಡೆಯರಿಲ್ಲದ, ವಾರಸುದಾರರಿಲ್ಲದ ಚಿತ್ರಗಳ ಅಧ್ಯಯನಕ್ಕೆಂದೇ ‘ಆರ್ಫನ್ ಫಿಲಂ’ ಸಮಾವೇಶ 1999ರಲ್ಲಿ ಆರಂಭವಾದದ್ದು ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ. ಇಂಥ ಪರಿಣತಿ ನೆರೆಯಲ್ಲೇ ಇರುವಾಗ ಸಂಘಗಳು ಅದನ್ನು ಬಳಸಿಕೊಳ್ಳದಿರುವುದು ಸರಿಯಲ್ಲ.

ರಾಜ್ಯದ ಭಂಡಾರ ಐತಿಹಾಸಿಕ, ಸಾಂಸ್ಕೃತಿಕ, ಸಾಮಾಜಿಕ ಮೌಲ್ಯದ ಚಿತ್ರಗಳನ್ನು ಸಂಗ್ರಹಿಸಲಿದೆ ಎಂದು ಘೋಷಿಸಲಾಗಿದೆ. ಉದ್ದೇಶ ಒಳ್ಳೆಯದು. ಆದರೆ ಯಾವುದಕ್ಕೆ ಮೌಲ್ಯವಿದೆ ಎಂದು ಇಂದೇ ತೀರ್ಮಾನಿಸುವ ಸಮಿತಿಯಿಂದ ಭಂಡಾರ ಆರಂಭವಾದರೆ ಅದು ಮೆಚ್ಚಿನ ಚಿತ್ರಗಳ ಪಟ್ಟಿಯಾದೀತೇ ಹೊರತು ಚರಿತ್ರೆಯ ನೆಲೆಯಾಗದು. 1941ರಲ್ಲಿ ಅಂಥ ಸಮಿತಿಯೊಂದು ಕನ್ನಾಪೊಲಿಸ್‌ನ ರೀಲನ್ನು ಖಂಡಿತ ಒಪ್ಪುತ್ತಿರಲಿಲ್ಲ. ಆದ್ದರಿಂದ ಸರ್ಕಾರ ಮೂರು ಕೆಲಸ ಮಾಡಲಿ. ಸಹಾಯಧನಕ್ಕೆ ಠೇವಣಿಯನ್ನು ಕಡ್ಡಾಯಗೊಳಿಸಲಿ. ಕಥಾಚಿತ್ರ, ವಾರ್ತಾಚಿತ್ರ, ಮನೆಯ ರೀಲು ಎಂಬ ಭೇದವಿಲ್ಲದೆ ಜನ ತಂದುಕೊಟ್ಟದ್ದನ್ನೆಲ್ಲ ಪಡೆದು, ಪಟ್ಟಿ ಮಾಡಿ, ತಂಪಿನಲ್ಲಿಡಲಿ. ಮೈಸೂರು, ಧಾರವಾಡ, ಕಲಬುರಗಿ, ಮಂಗಳೂರಿನ ವಿಶ್ವವಿದ್ಯಾಲಯಗಳಿಗೆ ಆಯಾ ಭಾಗದ ಸಂಗ್ರಹದ ಹೊಣೆ ವಹಿಸಲಿ. ಓದುಗರಲ್ಲೂ ಒಂದು ವಿನಂತಿ: ನಿಮ್ಮ ಮನೆಯ ಅಟ್ಟದಲ್ಲಿ, ಹಳೆಯ ಸ್ಟುಡಿಯೊದಲ್ಲಿ, ಮುಚ್ಚಿದ ಟೂರಿಂಗ್ ಟಾಕೀಸಿನ ಪೆಟ್ಟಿಗೆಯಲ್ಲಿ ಫಿಲಂ ಡಬ್ಬವಿದ್ದರೆ ಅದನ್ನು ಗುಜರಿಗೆ ಹಾಕಬೇಡಿ. ಅದರಲ್ಲಿ ಏನಿದೆ ಎಂದು ತಿಳಿದವರು ನೋಡುವವರೆಗೆ ಅದು ಉಳಿದಿರಲಿ.